ಅಕ್ಷರಮ್ಮನ ಎಡಗಿವಿ

ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ, ಡ್ರೈವಿಂಗ್ ಸ್ಕೂಲಿನ ಮೇಲಿನ ಮಹಡಿಯಲ್ಲಿ ಒಂದು ಟೈಪಿಂಗ್ ಅಂಗಡಿಯಿತ್ತು. ಎಂಟಡಿ ಅಗಲ, ಹತ್ತಡಿ ಉದ್ದ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗಿರಾಕಿಗೆ ಒಂದು ಕುರ್ಚಿ, ಗಿರಾಕಿಯ ಜೊತೆ ಬಂದವರಿಗೆ ಒರಗಲು ಗೋಡೆ. ಅದನ್ನು ನಡೆಸುತ್ತಿದ್ದ ಹೆಂಗಸು ಇಪ್ಪತ್ತು ವರ್ಷದಿಂದ ಅರ್ಜಿ, ಬಾಡಿಗೆ ಕರಾರು, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ ಇಂಥವನ್ನು ಟೈಪ್ ಮಾಡಿಕೊಂಡು ಬಂದಿದ್ದಳು. ಗಂಡನ ಮೇಲೆ ಹೆಂಡತಿ ಕೊಡುವ ದೂರನ್ನು ಬೆಳಿಗ್ಗೆ, ಅದೇ ಹೆಂಡತಿಯ ಮೇಲೆ ಅದೇ ಗಂಡ ಕೊಡುವ ದೂರನ್ನು ಮಧ್ಯಾಹ್ನ ಟೈಪ್ ಮಾಡಿ, ಎರಡರಲ್ಲೂ ಒತ್ತಕ್ಷರ ತಿದ್ದಿ, ಯಾರ ಮುಂದೆಯೂ ತುಟಿ ಬಿಚ್ಚದೆ ಕಳಿಸಿದ್ದುಂಟು. ಊರಿನ ಮಾತೆಲ್ಲ ಅವಳ ಬೆರಳಿನ ತುದಿಯಿಂದ ಹಾದುಹೋಗುತ್ತಿತ್ತು. ತಲೆಗೆ ಮಾತ್ರ ಯಾವುದೂ ಹತ್ತುತ್ತಿರಲಿಲ್ಲ. ಅದರಿಂದ ಅವಳ ಆರೋಗ್ಯ ಚೆನ್ನಾಗಿತ್ತು.

ಇಂಥವಳು ತತ್ವಶಾಸ್ತ್ರಕ್ಕೆ ಸಿಕ್ಕಿಬಿದ್ದದ್ದು ಪಕ್ಕದ ಬಾಗಿಲಿನವರಿಂದ. ಡ್ರೈವಿಂಗ್ ಸ್ಕೂಲಿನವರು ಅದೇ ಮಹಡಿಯಲ್ಲಿದ್ದ ತಮ್ಮ ಪಾಠದ ಹಾಲನ್ನು ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ‘ಸ್ವಂತನೋಟ’ ಚಳವಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಚಳವಳಿ ಹುಟ್ಟುಹಾಕಿದವರು ಒಬ್ಬ ಸರ್ವೆಯರ್. ಜೀವಮಾನವೆಲ್ಲ ಸರಪಳಿ ಹಿಡಿದು ಜಮೀನು ಅಳೆದು, ನಿವೃತ್ತಿಯಾದ ಮೇಲೆ ಮನುಷ್ಯರನ್ನು ಅಳೆಯಲು ಹೊರಟವರು. ಸತ್ತ ಮೇಲೆ ಅವರನ್ನು ಎಲ್ಲರೂ ‘ಹಿರಿಯರು’ ಎನ್ನುತ್ತಿದ್ದರು. ಅವರ ಬೋಧನೆ ತೀರಾ ಸರಳ. ಯಾರು ಹೇಳಿದ್ದನ್ನೂ ನಂಬಬೇಡಿ, ನಾನು ಹೇಳಿದ್ದನ್ನೂ ನಂಬಬೇಡಿ. ನೀವೇ ನೋಡಿ, ನೀವೇ ಕೇಳಿ, ನೀವೇ ಅಳೆಯಿರಿ. ಈ ಮಾತನ್ನು ಶಿಷ್ಯರು ಎಷ್ಟು ಗಟ್ಟಿಯಾಗಿ ನಂಬಿದರೆಂದರೆ, ಇದು ನಿಜವೇ ಎಂದು ಒಬ್ಬರೂ ನೋಡಲು ಹೋಗಲಿಲ್ಲ.

ಹಿರಿಯರು ಏನನ್ನೂ ಬರೆದಿಟ್ಟಿರಲಿಲ್ಲ. ಬಿಟ್ಟುಹೋದದ್ದು ಅವರ ಭಾಷಣಗಳ ನಲವತ್ತೊಂದು ಕ್ಯಾಸೆಟ್ಟುಗಳನ್ನು. ಅವನ್ನು ಅಕ್ಷರಕ್ಕಿಳಿಸಬೇಕೆಂದು ಚಳವಳಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರರೂ ಕಾರ್ಯದರ್ಶಿಯಾದ ಔಷಧಿ ಅಂಗಡಿಯವರೂ ಒಂದು ಶನಿವಾರ ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದು ಅವಳ ಮೇಜಿನ ಮೇಲಿಟ್ಟರು. ಊರಿನ ಟೈಪಿಸ್ಟುಗಳಲ್ಲೆಲ್ಲ ಅವಳನ್ನೇ ಆರಿಸಿಕೊಂಡದ್ದಕ್ಕೆ ಆಳವಾದ ಕಾರಣವಿತ್ತು. ಪೆಟ್ಟಿಗೆ ಭಾರವಾಗಿತ್ತು, ಅವಳ ಅಂಗಡಿ ಪಕ್ಕದಲ್ಲೇ ಇತ್ತು.

ಎರಡು ವರ್ಷ ಅವಳು ಹೆಡ್‌ಫೋನ್ ಹಾಕಿಕೊಂಡು ಹಿರಿಯರನ್ನು ಟೈಪ್ ಮಾಡಿದಳು. ಹೆಡ್‌ಫೋನಿನ ಒಂದು ಬಟ್ಟಲು ಎಡಗಿವಿಯ ಮೇಲೆ, ಇನ್ನೊಂದು ನೆತ್ತಿಯ ಹಿಂದಕ್ಕೆ. ಬಲಗಿವಿ ಗಿರಾಕಿಗಳಿಗೆಂದು ಖಾಲಿ. ಹೀಗೆ ಸಾವಿರದ ನೂರ ನಲವತ್ತು ಪುಟಗಳ ‘ದೊಡ್ಡ ಪ್ರತಿ’ ಸಿದ್ಧವಾಯಿತು. ಮಧ್ಯೆ ಮಧ್ಯೆ ಸಂದೇಹ ಕೇಳಲು ಪಕ್ಕದ ಹಾಲಿಗೆ ಹೋಗಿ ಬರುತ್ತಿದ್ದವಳನ್ನು ಅವರು ಕೂರಿಸಿಕೊಂಡರು, ಸದಸ್ಯೆ ಮಾಡಿಕೊಂಡರು, ಅಕ್ಷರಮ್ಮ ಎಂದು ಹೆಸರಿಟ್ಟರು. ಅರ್ಜಿಯ ಕೆಳಗೆ ಬರೀ ಇನಿಷಿಯಲ್ ಹಾಕಿ ಗೊತ್ತಿದ್ದವಳಿಗೆ ಹೆಸರು ಸಿಕ್ಕಿದ್ದು ಖುಷಿಯಾಯಿತು.

ಅವರು ಓದುವ ಕ್ರಮವೇ ಬೇರೆ. ವಾರಕ್ಕೆ ಒಂದು ಪ್ಯಾರಾ. ಹೆಡ್‌ಮಾಸ್ಟರರು ಗಟ್ಟಿಯಾಗಿ ಓದುತ್ತಿದ್ದರು. ಹದಿನೇಳು ಜನ, ಗೋಡೆಯ ಮೇಲಿನ ‘ತಿರುವು ಇದೆ’, ‘ಹಾರ್ನ್ ಮಾಡಬೇಡಿ’ ಚಿತ್ರಗಳ ಕೆಳಗೆ, ಐದು ನಿಮಿಷ ಕಣ್ಣು ಮುಚ್ಚುತ್ತಿದ್ದರು. ಅರ್ಥವಾದ ಸಾಲಿಗೆ ನೀಲಿ ಪೆನ್ಸಿಲ್, ಅರ್ಥವಾಗದ ಸಾಲಿಗೆ ಕೆಂಪು. ಪಕ್ಕದವರಿಗೆ ಕೆಂಪು ಕಾಣಿಸುತ್ತದೆಂದು ಗೊತ್ತಾದ ಮೇಲೆ ಎಲ್ಲರಿಗೂ ಎಲ್ಲವೂ ಅರ್ಥವಾಗತೊಡಗಿತು. ಆಮೇಲೆ ನೋಟ್‌ಬುಕ್ಕಿನಲ್ಲಿ ‘ನಾನು ಕಂಡದ್ದು’ ಎಂಬ ತಲೆಬರಹದ ಕೆಳಗೆ ತಮ್ಮ ತಮ್ಮ ಸ್ವಂತ ನೋಟವನ್ನು ಬರೆಯಬೇಕು. ಅವನ್ನೆಲ್ಲ ಹೆಡ್‌ಮಾಸ್ಟರರು ಮನೆಗೆ ಒಯ್ದು, ಸ್ವಂತವಾಗಿ ಕಂಡದ್ದು ಸರಿಯಾಗಿದೆಯೇ ಎಂದು ತಿದ್ದಿ, ಹತ್ತಕ್ಕೆ ಅಂಕ ಹಾಕಿ ತರುತ್ತಿದ್ದರು. ಅಕ್ಷರಮ್ಮನಿಗೆ ಸಾಮಾನ್ಯವಾಗಿ ಆರು ಬರುತ್ತಿತ್ತು.

ದೊಡ್ಡ ಪ್ರತಿಯ ಮುಕುಟದಂತಿದ್ದ ಮಾತು ಆರನೇ ಕ್ಯಾಸೆಟ್ಟಿನದು: ‘ಮನಸ್ಸು ಒಂದು ಕೋಣೆ. ಕಟ್ಟಬೇಡಿ. ಬೆಳಕು ಬರಲಿ.’ ಕಟ್ಟದೇ ಇದ್ದರೆ ಅದು ಕೋಣೆ ಹೇಗಾದೀತು? ಈ ಒಂದು ಪ್ರಶ್ನೆಯ ಮೇಲೆ ಅವರು ಹನ್ನೊಂದು ತಿಂಗಳು ಕಣ್ಣು ಮುಚ್ಚಿದ್ದರು. ಔಷಧಿ ಅಂಗಡಿಯವರು ‘ಕಟ್ಟದ ಕೋಣೆ’ ಎಂಬ ಅರವತ್ತೆರಡು ಪುಟದ ವ್ಯಾಖ್ಯಾನ ಬರೆದು ಅಚ್ಚು ಹಾಕಿಸಿದರು. ಸಹಕಾರಿ ಬ್ಯಾಂಕಿನ ಕ್ಯಾಷಿಯರ್ ಹೆಂಗಸೊಬ್ಬಳು ಅದನ್ನೋದಿ, ಮನೆ ಕಟ್ಟಿಸಲೆಂದು ಇಟ್ಟುಕೊಂಡಿದ್ದ ಸೈಟನ್ನೇ ಮಾರಿಬಿಟ್ಟಳು. ಅವಳಿಗೆ ಆ ವಾರ ಹತ್ತಕ್ಕೆ ಹತ್ತು.

ಜಗಳ ಹುಟ್ಟಿದ್ದು ಅವಳು ಸೇರಿದ ಹನ್ನೆರಡನೇ ವರ್ಷದಲ್ಲಿ, ಒಂದು ಕುರ್ಚಿಯಿಂದ. ಹೆಡ್‌ಮಾಸ್ಟರರಿಗೆ ಬೆನ್ನುನೋವು ಬಂದು, ಅವರು ಮನೆಯಿಂದ ಕೈಯಿರುವ ಕುರ್ಚಿ ತರಿಸಿಕೊಂಡರು. ಕುರ್ಚಿಗೆ ಕೈ ಬಂದ ಎರಡೇ ವಾರಕ್ಕೆ ಅವರಿಗೆ ‘ಅಧ್ಯಕ್ಷ’ ಎಂಬ ಪದ ಸಾಲದಾಯಿತು. ಕರಪತ್ರದಲ್ಲಿ ‘ಮಾರ್ಗದರ್ಶಿ’ ಎಂದು ಹಾಕಿಸಿದರು. ಔಷಧಿ ಅಂಗಡಿಯವರು ದೊಡ್ಡ ಪ್ರತಿಯ ನಾನೂರ ಹದಿನೇಳನೇ ಪುಟ ತೆರೆದು ಎದ್ದು ನಿಂತರು.

“ಹಿರಿಯರು ಏನಂದಿದಾರೆ ನೋಡಿ. ‘ಮಾರ್ಗದರ್ಶಿ ಬೇಕಾಗಿಲ್ಲ.’ ಮುಂದೆ ಫುಲ್‌ಸ್ಟಾಪ್ ಇದೆ.”

“ಅದು ಪ್ರಶ್ನೆ ಕಣ್ರೀ,” ಎಂದರು ಹೆಡ್‌ಮಾಸ್ಟರರು. “‘ಮಾರ್ಗದರ್ಶಿ ಬೇಕಾಗಿಲ್ವಾ?’ ಅಂತ ಕೇಳಿದಾರೆ. ಬೇಕು ಅಂತ ಅರ್ಥ. ನಾನು ಎದುರಿಗೇ ಕೂತಿದ್ದೆ.”

ಕ್ಯಾಸೆಟ್ ತರಿಸಿದರು. ಹದಿನೇಳು ಜನ ತಲೆಗೆ ತಲೆ ತಾಗಿಸಿ ಕೇಳಿದರು. ಹಿರಿಯರು “ಮಾರ್ಗದರ್ಶಿ ಬೇಕಾಗಿಲ್” ಎನ್ನುವಷ್ಟರಲ್ಲಿ ಸಭೆಯಲ್ಲಿ ಯಾರೋ ಸಿಡಿಲಿನಂತೆ ಸೀನಿದ್ದರು. ಸೀನಿನ ಅಡಿಯಲ್ಲಿ ಏನಿತ್ತೋ, ಒಂಬತ್ತು ಜನರಿಗೆ ಪೂರ್ಣವಿರಾಮ ಕೇಳಿಸಿತು, ಏಳು ಜನರಿಗೆ ಪ್ರಶ್ನಾರ್ಥಕ. ಮೂರು ಶನಿವಾರ ಅದೇ ಒಂದಂಗುಲ ಟೇಪನ್ನು ಹಿಂದೆ ಮುಂದೆ ಓಡಿಸಿದರು. ಮೂರನೇ ಶನಿವಾರ ಔಷಧಿ ಅಂಗಡಿಯವರು, “ಆ ಸೀನು ನಿಮ್ದೇ ಸರ್, ಇವತ್ತಿಗೂ ಹಾಗೇ ಸೀನ್ತೀರಿ,” ಎಂದುಬಿಟ್ಟರು. ಗದ್ದಲದಲ್ಲಿ ಟೇಪ್ ರೆಕಾರ್ಡರು ತನ್ನ ಅಭಿಪ್ರಾಯವನ್ನೂ ಹೇಳಿತು: ಟೇಪು ಸಿಕ್ಕಿಕೊಂಡು, ಸುತ್ತಿಕೊಂಡು, ಸರಿಯಾಗಿ ಅದೇ ಜಾಗದಲ್ಲಿ ತುಂಡಾಯಿತು.

ಅಲ್ಲಿಗೆ ಚಳವಳಿ ಎರಡಾಯಿತು. ಪೂರ್ಣವಿರಾಮದವರು ಹಾಲಿನಲ್ಲಿ, ಪ್ರಶ್ನಾರ್ಥಕದವರು ಹೊರಗಿನ ಮೊಗಸಾಲೆಯಲ್ಲಿ; ಅದೇ ಪುಸ್ತಕ, ಅದೇ ಪ್ಯಾರಾ, ಅದೇ ಹೊತ್ತು. ಕಣ್ಣು ಮುಚ್ಚಿದಾಗ ಮಾತ್ರ ಎರಡೂ ಕಡೆಯವರು ಕಿವಿ ನಿಮಿರಿಸಿಕೊಂಡು ಇನ್ನೊಂದು ಕಡೆ ಏನು ನಡೆಯುತ್ತಿದೆ ಎಂದು ಕೇಳುತ್ತಿದ್ದರು. ಯಾವ ಕಡೆಯೂ ಕೈ ಎತ್ತದೆ ಉಳಿದದ್ದು ಹದಿನೇಳನೆಯವಳಾದ ಅಕ್ಷರಮ್ಮ. ಟೇಪು ಹರಿದ ಮೇಲೆ, ಹಿರಿಯರ ಮಾತನ್ನು ಮೊದಲು ಕೇಳಿ ಬರೆದ ಏಕೈಕ ಸಾಕ್ಷಿಯೂ ಅವಳೇ. ಯಾರ ಮಾತನ್ನೂ ಒಪ್ಪಬಾರದೆಂಬ ಚಳವಳಿಗೆ ಈಗ ಅವಳ ಮಾತೊಂದೇ ಗತಿ.

ಹೆಡ್‌ಮಾಸ್ಟರರು ಮೊಮ್ಮಗಳ ಪ್ರಾಜೆಕ್ಟನ್ನು ಅವಳಲ್ಲೇ ಟೈಪ್ ಮಾಡಿಸಿದರು. ಔಷಧಿ ಅಂಗಡಿಯವರು ಅವಳ ಅತ್ತೆಯ ಬಿಪಿ ಮಾತ್ರೆಯನ್ನು ಮನೆಗೇ ತಂದುಕೊಟ್ಟು, ಮಾತ್ರೆಗಿಂತ ಹೆಚ್ಚಾಗಿ ಸೊಸೆಯ ಯೋಗಕ್ಷೇಮ ವಿಚಾರಿಸಿದರು. ಅಕ್ಷರಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕತೊಡಗಿದಳು. ನಿಧಾನವಾಗಿ ಮಾತಾಡಲು ಕಲಿತಳು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಕಿಟಕಿಯ ಕಡೆ ನೋಡುವುದನ್ನೂ ರೂಢಿಸಿಕೊಂಡಳು.

ಅವಳ ಗಂಡ ತಕ್ಕಡಿ ರಿಪೇರಿಯವನು. ಅಂಗಡಿಗಳ ತಕ್ಕಡಿ, ತೂಕದ ಯಂತ್ರಗಳನ್ನು ಬಿಚ್ಚಿ, ಎಣ್ಣೆ ಬಿಟ್ಟು, ಸರಿಯಾದ ಬಟ್ಟು ಇಟ್ಟು ಮುಳ್ಳು ನಿಲ್ಲಿಸುವುದು ಅವನ ಕೆಲಸ. ಹೆಂಡತಿ ಊಟಕ್ಕೆ ಕೂತಾಗಲೂ ಕಿಟಕಿ ನೋಡುವುದನ್ನು ಕಂಡು ಅವನು ಹೇಳಿದ: “ನನ್ನ ಹತ್ರ ಎಂಥೆಂಥಾ ತಕ್ಕಡಿ ರಿಪೇರಿ ಆಗುತ್ತೆ ಕಣೇ. ಬೆಪ್ಪುತಕ್ಕಡಿ ಮಾತ್ರ ಆಗಲ್ಲ. ಹೋಗಿ ನಿಜ ಹೇಳಿಬಿಡು.”

ನಿಜ ಏನೆಂದರೆ, ಅವಳಿಗೆ ಏನೂ ಗೊತ್ತಿರಲಿಲ್ಲ. ಇದನ್ನು ಅವಳು ಎರಡೂ ಬಣಗಳನ್ನು ಒಟ್ಟಿಗೆ ಕೂರಿಸಿ ಹೇಳಿದಳು.

“ಸೀನು ನೆನಪಿದೆ ಸರ್, ಅದರ ಅಡೀಲಿದ್ದದ್ದು ನೆನಪಿಲ್ಲ. ವಾಕ್ಯ ಮುಗೀತು ಅನ್ನಿಸಿದ್ರೆ ಬೆರಳು ತಾನೇ ಫುಲ್‌ಸ್ಟಾಪ್ ಒತ್ತುತ್ತೆ. ಅಭ್ಯಾಸ ಬಲ.”

ಇಬ್ಬರು ಸದಸ್ಯರು ತಕ್ಷಣ ಎದ್ದು, ಮನಸ್ಸಿಗಿಂತ ಮೊದಲೇ ಬೆರಳಿಗೆ ಸತ್ಯ ತಿಳಿದಿತ್ತೆಂಬುದೇ ಇದರ ಅರ್ಥವೆಂದು ಸಾರಿ, ಮೂರನೇ ಬಣ ಕಟ್ಟಿದರು. ಎರಡು ದಿನ ಅವಳ ಅಂಗಡಿಯ ಗೋಡೆಗೊರಗಿ ಅವಳ ಬೆರಳುಗಳನ್ನೇ ನೋಡುತ್ತ ನಿಂತರು. ಮೂರನೇ ದಿನ ಅವಳು, “ಗಿರಾಕಿಗೆ ಜಾಗ ಬಿಡ್ರಪ್ಪ,” ಎಂದು ಆಚೆ ಕಳಿಸಿದಳು.

ಉಳಿದವರು ಅಷ್ಟು ಸುಲಭವಾಗಿ ಬಿಡಲಿಲ್ಲ. ಅವಳು ಕೇಳಿಸಿಕೊಂಡಿರಬೇಕು, ಹೇಳುತ್ತಿಲ್ಲ ಎಂದು ಎರಡೂ ಕಡೆಯವರಿಗೂ ಗುಮಾನಿ. ಕೊನೆಗೆ ಅಕ್ಷರಮ್ಮನ ಕಿವಿಯನ್ನು ಪರೀಕ್ಷೆ ಮಾಡಿಸಬೇಕೆಂದು ನಿರ್ಣಯವಾಯಿತು. ಜಗಳ ಹುಟ್ಟಿದ ಏಳು ತಿಂಗಳಲ್ಲಿ ಸರ್ವಾನುಮತದಿಂದ ಪಾಸಾದ ನಿರ್ಣಯ ಅದೊಂದೇ.

ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಗಾಜಿನ ಕಿಟಕಿಯಿದ್ದ ಸಣ್ಣ ಪೆಟ್ಟಿಗೆಯಂಥ ಜಾಗದಲ್ಲಿ ಅವಳನ್ನು ಕೂರಿಸಿ, ಶಬ್ದ ಕೇಳಿಸಿದಾಗ ಬಟನ್ ಒತ್ತಿ ಎಂದರು. ಹೊರಗೆ ಹೆಡ್‌ಮಾಸ್ಟರರೂ ಔಷಧಿ ಅಂಗಡಿಯವರೂ ಎದುರುಬದುರು ಕುರ್ಚಿಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಹೆರಿಗೆ ವಾರ್ಡಿನ ಮುಂದೆ ಕೂತ ಇಬ್ಬರು ಬೀಗರಂತೆ ಕಾದರು. ಡಾಕ್ಟರು ಗ್ರಾಫಿನ ಕಾಗದ ಹಿಡಿದು ಬಂದರು.

“ಬಲಗಿವಿ ಚೆನ್ನಾಗಿದೆ. ಎಡಗಿವಿ ಅರ್ಧಕ್ಕರ್ಧ ಹೋಗಿದೆ. ಇವತ್ತು ನಿನ್ನೇದಲ್ಲ, ಹದಿನೈದು ವರ್ಷವಾದ್ರೂ ಆಗಿರುತ್ತೆ.”

“ನನಗೆ ಗೊತ್ತೇ ಆಗಿಲ್ವಲ್ಲ ಡಾಕ್ಟ್ರೇ?”

“ಗೊತ್ತಾಗಲ್ಲಮ್ಮ. ಮಾತಿನ ತುದಿ ಕೇಳಿಸಲ್ಲ. ಕೇಳಿಸದ್ದನ್ನ ನೀವೇ ಊಹೆ ಮಾಡಿ ತುಂಬ್ಕೊಂಡಿರ್ತೀರಿ. ಎಲ್ಲ ಕೇಳಿಸ್ತು ಅಂತಲೇ ಅನ್ನಿಸುತ್ತೆ.”

ಇಬ್ಬರು ಹಿರಿಯ ತತ್ವಜ್ಞಾನಿಗಳು ನಾನೂರ ಹದಿನೇಳನೇ ಪುಟದ ಬಗ್ಗೆ ಮಾತ್ರ ಚಿಂತಿಸುತ್ತ ಮನೆಗೆ ಹೋದರು. ಅಕ್ಷರಮ್ಮನಿಗೆ ಚಿಂತೆ ಹತ್ತಿದ್ದು ಉಳಿದ ಸಾವಿರದ ನೂರ ಮೂವತ್ತೊಂಬತ್ತು ಪುಟಗಳದು. ಹೆಡ್‌ಫೋನ್ ಇದ್ದದ್ದು ಎಡಗಿವಿಯ ಮೇಲೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನದಿಂದ ಅವಳು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಅಂಗಡಿಯ ಮೂಲೆಯಲ್ಲೇ ಉಳಿದಿದ್ದ ರಟ್ಟಿನ ಪೆಟ್ಟಿಗೆ ತೆರೆದು, ಒಂದನೇ ಕ್ಯಾಸೆಟ್ಟಿನಿಂದ ಬಲಗಿವಿಯಲ್ಲಿ ಕೇಳತೊಡಗಿದಳು. ದೊಡ್ಡ ಪ್ರತಿಯ ಸಾಲಿನ ಮೇಲೆ ಬೆರಳು. ಮೊದಲ ಐದರಲ್ಲಿ ತಪ್ಪುಗಳಿದ್ದವು, ಪ್ರಾಣ ಹೋಗುವಂಥದ್ದಲ್ಲ. ಆರನೆಯದನ್ನು ಹಾಕಿದ ದಿನ ಗಂಡ ಊಟದ ಡಬ್ಬಿ ತಂದಿದ್ದ. ಹೆಡ್‌ಫೋನ್ ತೆಗೆದು ಅವನಿಗೂ ಕೇಳಿಸುವಂತೆ ಜೋರಾಗಿ ಇಟ್ಟಳು. ಹಿರಿಯರ ಒಣ ಗಂಟಲು ಗರಗರ ಎಂದಿತು.

ಗಂಡ ನಕ್ಕ. “ಸರಿಯಾಗಿ ಹೇಳ್ತಾನೆ ಈಯಪ್ಪ. ಕೋಣಾನೇ ಅದು.”

“ಯಾವ ಕೋಣ?”

“ಮನಸ್ಸು. ‘ಮನಸ್ಸು ಒಂದು ಕೋಣ. ಕಟ್ಟಬೇಡಿ. ಮೇದು ಬರಲಿ’ ಅಂದ್ನಲ್ಲ.”

ಅವಳು ಹಿಂದಕ್ಕೆ ಓಡಿಸಿ ಕೇಳಿದಳು. ಇನ್ನೊಮ್ಮೆ ಕೇಳಿದಳು. ಕೋಣ. ಮೇದು. ಅನುಮಾನಕ್ಕೆ ಎಳ್ಳಷ್ಟೂ ಎಡೆಯಿರಲಿಲ್ಲ. ಅಲ್ಲಿ ಯಾರೂ ಸೀನಿಯೂ ಇರಲಿಲ್ಲ. ಕೋಣಕ್ಕೆ ಎತ್ವವನ್ನು ಇಟ್ಟವಳು ಅವಳು. ಬೆಳಕನ್ನು ತಂದವಳೂ ಅವಳೇ.

“ರೀ, ಇದರ ಮೇಲೆ ಅರವತ್ತೆರಡು ಪುಟದ ಪುಸ್ತಕ ಇದೆ ರೀ.”

“ಕೋಣದ ಮೇಲಾ?”

“ಕೋಣೆ ಮೇಲೆ!”

ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತ ಗೋಡೆಗೊರಗಿ ಜಾರಿ ನೆಲದ ಮೇಲೇ ಕೂತ. ಅವಳಿಗೂ ಒಂದು ಕ್ಷಣ ನಗು ಉಕ್ಕಿತು. ಆಮೇಲೆ ಸೈಟು ಮಾರಿದ ಕ್ಯಾಷಿಯರ್ ನೆನಪಾಗಿ ಊಟದ ಡಬ್ಬಿ ಮುಚ್ಚಿಟ್ಟಳು. ನಾಲ್ಕು ದಿನ ಹೇಳುವುದೋ ಬಿಡುವುದೋ ಎಂದು ಒದ್ದಾಡಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತನಗೆ ಗೊತ್ತಿತ್ತು, ಅಷ್ಟೇ ತೊಂದರೆ. ಹಿರಿಯರ ಅಷ್ಟೂ ಮಾತಿನಲ್ಲಿ ಅವಳ ತಲೆಗೆ ನಿಜವಾಗಿ ಹತ್ತಿದ್ದು ಒಂದೇ, ನೀವೇ ಕೇಳಿ ಎಂಬುದು. ಈಗ ಕೇಳಿಯಾಗಿತ್ತು.

ಶನಿವಾರ ಟೇಪ್ ರೆಕಾರ್ಡರನ್ನು ಕಂಕುಳಲ್ಲಿಟ್ಟುಕೊಂಡು ಹಾಲಿಗೆ ಹೋದಳು. ಮೊಗಸಾಲೆಯವರನ್ನೂ ಒಳಗೆ ಕರೆದಳು. ಎಡಗಿವಿಯ ವಿಷಯ, ಹೆಡ್‌ಫೋನಿನ ವಿಷಯ, ಆರನೇ ಕ್ಯಾಸೆಟ್ಟಿನ ವಿಷಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ಕಿಟಕಿಯ ಕಡೆ ನೋಡಲಿಲ್ಲ.

ಔಷಧಿ ಅಂಗಡಿಯವರ ಮುಖ ಹರಳೆಣ್ಣೆ ಕುಡಿದಂತಾಯಿತು. ಕ್ಯಾಷಿಯರ್ ಮೆಲ್ಲಗೆ ಕೇಳಿದಳು: “ಹಾಗಾದ್ರೆ ನಾನು ಸೈಟು ಯಾಕೆ ಮಾರಿದೆ?”

ಹೆಡ್‌ಮಾಸ್ಟರರು ಕೈಯಿರುವ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಹಿರಿಯರು ಕೋಣೆ ಅನ್ನೋಕೆ ಹೋಗಿ ಕೋಣ ಅಂದಿರಬಹುದು. ವಯಸ್ಸಾಗಿತ್ತು, ಹಲ್ಲು ಬಿದ್ದಿತ್ತು.”

“ಮತ್ತೆ ‘ಮೇದು’?” ಎಂದರು ಔಷಧಿ ಅಂಗಡಿಯವರು, ಮುಳುಗುವವರ ದನಿಯಲ್ಲಿ.

“ಬೆಳಕನ್ನ ಮೇಯೋದು ಅಂತ ಇಟ್ಕೊಳಿ. ಇನ್ನೂ ಆಳವಾಗುತ್ತೆ.”

“ಹೌದು ಸರ್! ಬೆಳಕನ್ನ ಮೇಯೋ ಕೋಣೆ! ಇದು ನಂಗೆ ಹೊಳೆದೇ ಇರಲಿಲ್ಲ.”

ಏಳು ತಿಂಗಳ ಮೇಲೆ ಮೊದಲ ಬಾರಿಗೆ ಇಬ್ಬರೂ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ನೋಡಿದರು. ಅಕ್ಷರಮ್ಮ ಟೇಪ್ ರೆಕಾರ್ಡರನ್ನು ಮೇಜಿನ ನಡುವೆ ತಳ್ಳಿದಳು.

“ನನ್ನ ಮಾತು ಬೇಡ ಸರ್. ಕ್ಯಾಸೆಟ್ ಇಲ್ಲೇ ಇದೆ. ಬಟನ್ ಒತ್ತಿ, ನೀವೇ ಕೇಳಿ.”

ಅವಳನ್ನು ಬಿಟ್ಟರೆ ಹದಿನಾರು ಜನ, ಮೂವತ್ತೆರಡು ಕಿವಿ. ಒಂದು ಬೆರಳೂ ಮುಂದೆ ಬರಲಿಲ್ಲ. ಬೆರಳಿನ ಬಣದವರೂ ಕೈಕಟ್ಟಿಕೊಂಡಿದ್ದರು.

ಅಂದೇ ಮೂರು ಬಣಗಳೂ ಒಂದಾದವು. ‘ಕೋಣೆ’ ಹಾಗೇ ಉಳಿಯಿತು. ನಾನೂರ ಹದಿನೇಳನೇ ಪುಟದಲ್ಲಿ ಪೂರ್ಣವಿರಾಮವೂ ಬೇಡ, ಪ್ರಶ್ನಾರ್ಥಕವೂ ಬೇಡ, ಮೂರು ಚುಕ್ಕಿ ಇರಲಿ ಎಂದು ರಾಜಿಯಾಯಿತು. ಕ್ಯಾಸೆಟ್ಟುಗಳು ಅಮೂಲ್ಯವಾದ್ದರಿಂದ ಇನ್ನು ಮುಂದೆ ಯಾರೂ ಅವನ್ನು ಕೇಳಕೂಡದೆಂದು ತೀರ್ಮಾನಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಮಾರ್ಗದರ್ಶಿಗಳ ಬಳಿ. ಅಕ್ಷರಮ್ಮನಿಗೆ ಹನ್ನೆರಡು ವರ್ಷದ ಸೇವೆಗಾಗಿ ಒಂದು ಅಭಿನಂದನಾ ಪತ್ರ ಕೊಡುವುದೆಂದಾಯಿತು. ಅದನ್ನು ಟೈಪ್ ಮಾಡಲು ಅವಳಿಗೇ ಕೊಟ್ಟರು.

ಅವಳು ಮತ್ತೆ ಹಾಲಿಗೆ ಹೋಗಲಿಲ್ಲ. ಜಗಳವಾಡಿಯೂ ಅಲ್ಲ, ಬೇಸರಪಟ್ಟೂ ಅಲ್ಲ. ಶನಿವಾರ ಗಿರಾಕಿಗಳು ಜಾಸ್ತಿ. ಸೋಮವಾರ ಬೆಳಿಗ್ಗೆಯೇ ಕ್ಯಾಷಿಯರ್ ಬಂದು, ಗೃಹ ನಿರ್ಮಾಣ ಸಂಘಕ್ಕೆ ಸೈಟಿಗಾಗಿ ಅರ್ಜಿ ಟೈಪ್ ಮಾಡಿಸಿದಳು. ಅಕ್ಷರಮ್ಮ ಕ್ಷಮೆ ಕೇಳಲು ಬಾಯಿ ತೆರೆದರೆ, “ಕಾರ್ನರ್ ಸೈಟ್ ಅಂತ ಮರೀದೆ ಹಾಕಿ,” ಎಂದು ಬಾಯಿ ಮುಚ್ಚಿಸಿದಳು.

ಒಂದು ತಿಂಗಳ ಮೇಲೆ ಔಷಧಿ ಅಂಗಡಿಯವರು ಒಬ್ಬರೇ ಬಂದರು. ಗಿರಾಕಿ ಇಲ್ಲದ್ದನ್ನು ನೋಡಿಕೊಂಡು ಬಾಗಿಲು ಮುಂದಕ್ಕೆ ಮಾಡಿದರು.

“ಆರನೇದರ ಕಾಪಿ ಏನಾದ್ರೂ ಇಟ್ಕೊಂಡಿದೀರಾ?”

ಅವಳು ಇಟ್ಟುಕೊಂಡಿದ್ದಳು. ಅವರು ಹೆಡ್‌ಫೋನ್ ಹಾಕಿಕೊಂಡು, ಎರಡೂ ಬಟ್ಟಲುಗಳನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. ತೆಗೆದು ಮೇಜಿನ ಮೇಲಿಟ್ಟರು.

“ಕೋಣಾನೇ,” ಎಂದರು.

“ಹೂಂ.”

“ನಮ್ಮಪ್ಪನ ಹತ್ರ ಎರಡಿದ್ವು. ಕಟ್ಟಿದ್ರೆ ಗೂಟಾನೇ ಕಿತ್ಕೊಂಡು ಹೋಗೋವು. ಬಿಟ್ರೆ ಸಂಜೆ ತಾವೇ ಬರೋವು. ಎಂಥ ಒಳ್ಳೇ ಮಾತು ಹೇಳಿದ್ರು ಅಲ್ವಾ?”

ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಆಮೇಲೆ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ಅವಳ ಮುಂದಿಟ್ಟರು. ‘ಕಟ್ಟದ ಕೋಣೆ’ಯ ಎರಡನೇ ಮುದ್ರಣ, ಈ ಸಲ ನೂರ ಹತ್ತು ಪುಟ. ಮುಂದಿನ ಶನಿವಾರದೊಳಗೆ ಬೇಕಾಗಿತ್ತು.

ಅವಳು ಟೈಪ್ ಮಾಡಿಕೊಟ್ಟಳು. ಎತ್ವಗಳನ್ನೆಲ್ಲ ಅವರು ಹೇಳಿದ ಜಾಗದಲ್ಲೇ ಹಾಕಿದಳು. ಕಸುಬು ಕಸುಬೇ.

ಆ ಹಣಕ್ಕೆ ಇನ್ನಷ್ಟು ಸೇರಿಸಿ ಎಡಗಿವಿಗೊಂದು ಶ್ರವಣಯಂತ್ರ ಹಾಕಿಸಿಕೊಂಡಳು. ಹಾಕಿಕೊಂಡು ಮನೆಗೆ ಹೋದ ಮೊದಲ ದಿನ ಫ್ಯಾನಿಗೂ ಸದ್ದಿದೆ ಎಂದು ಗೊತ್ತಾಯಿತು. ಗಂಡ ಊಟ ಮಾಡುತ್ತ ಗೊಣಗುವುದು ಲೋಕದ ವಿಷಯವಲ್ಲ, ಸಾರಿನ ಉಪ್ಪಿನ ವಿಷಯ ಎಂದೂ ಗೊತ್ತಾಯಿತು. ಅತ್ತೆ ಅವಳನ್ನು ಕೂರಿಸಿಕೊಂಡು ಆ ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಹದಿನೈದು ವರ್ಷದಿಂದ ಕೇಳಿಸ್ತಿರಲಿಲ್ವೇನೇ ನಿಂಗೆ?”

“ಎಡಗಡೆಯಿಂದ ಕರೆದ್ರೆ ಕೇಳಿಸ್ತಿರಲಿಲ್ಲ ಅತ್ತೆ.”

“ಅಡಿಗೆಮನೇಲಿ ನಾನು ಕೂರೋದೇ ನಿನ್ನ ಎಡಗಡೆ. ಕರೆದ್ರೂ ತಿರುಗಿ ನೋಡಲ್ಲ, ಸೊಕ್ಕು ಅನ್ಕೊಂಡಿದ್ದೆ. ಊರಿಗೆಲ್ಲ ಹೇಳಿದೀನಿ. ಈಗೇನು ಮಾಡ್ಲಿ?”

“ಬಿಡಿ ಅತ್ತೆ. ಏನು ಕೇಳಿದ್ರೂ ಉತ್ತರ ಬರಲ್ಲ, ನಿಮಗೇ ಕಿವುಡು ಅಂತ ನಾನೂ ಊರಿಗೆಲ್ಲ ಹೇಳಿದೀನಿ.”

ಅತ್ತೆ ಅವಳನ್ನು ದುರುಗುಟ್ಟಿ ನೋಡಿದರು. ಯಂತ್ರವನ್ನು ಅವಳ ಅಂಗೈಗೆ ಹಾಕಿ, ಗೋಡೆಗೊರಗಿಸಿದ್ದ ತಮ್ಮ ಮಣೆ ಎತ್ತಿಕೊಂಡು ಹೋಗಿ, ಅಡಿಗೆಮನೆಯಲ್ಲಿ ಒಲೆಯ ಬಲಗಡೆಗೆ ಹಾಕಿಕೊಂಡರು. ಕೂತವರೇ ದನಿ ತಗ್ಗಿಸಿ, ಹದಿನೈದು ವರ್ಷದ ಬಾಕಿ ಮಾತುಗಳನ್ನು ಮೊದಲಿನಿಂದ ಶುರು ಮಾಡಿದರು.